ಹಳೆಯ ಬದುಕು, ಹೊಸ ಸೇವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಡಿತ ಬಿಟ್ಟವರು, ಜೈಲಿನಿಂದ ಬಂದವರು, ಸಾಲ ಮಾಡಿ ಊರು ಬಿಟ್ಟಿದ್ದವರು, ಮನೆಯಲ್ಲೇ ಏಟು ತಿಂದು ಬದುಕಿದವರು ನಂಬಿಕೆಯಲ್ಲಿ ನೆಲೆನಿಂತ ಮೇಲೆ ಕೇಳುವ ಪ್ರಶ್ನೆಗಳು ಇವು. ಅಂಥವರನ್ನು ಸೇವೆಗೆ ಹಚ್ಚಬೇಕಾದ ಸಭಾಪಾಲಕರೂ ಹಿರಿಯರೂ ಇವನ್ನೇ ಕೇಳುತ್ತಾರೆ. ಉತ್ತರಗಳು ಇಬ್ಬರಿಗೂ ಸೇರಿವೆ.

ದೇವರು ನನ್ನ ಪಾಪಗಳನ್ನು ಸಮುದ್ರದ ತಳಕ್ಕೆ ಹಾಕಿದ್ದಾನೆ ಎನ್ನುತ್ತೀರಿ. ಹಾಗಿದ್ದ ಮೇಲೆ ಅದೇ ಹಳೆಯದನ್ನು ಆತ ಬಳಸುವುದು ಹೇಗೆ?

ಮೀಕ 7:19 ಹೇಳುವಂತೆ ತಳ ಸೇರಿದ್ದು ನಿಮ್ಮ ಅಪರಾಧ. ನಿಮ್ಮ ನೆನಪು, ಕಲಿತ ಕಸುಬು, ಆಡುವ ಮಾತು, ಪರಿಚಯದ ಜನ, ಮೈಮೇಲಿನ ಕಲೆ ಎಲ್ಲವೂ ನಿಮ್ಮ ಜೊತೆಗೇ ಇವೆ. ದೇವರು ಕೆಲಸಕ್ಕೆ ತೆಗೆದುಕೊಳ್ಳುವುದು ಇವನ್ನು.

ಅಪೊಸ್ತಲ ಪೌಲನನ್ನೇ ನೋಡಿ. ತಾರ್ಸದಲ್ಲಿ ಹುಟ್ಟಿದ್ದರಿಂದ ಗ್ರೀಕ್ ಲೋಕದ ಪರಿಚಯ, ಯೆಹೂದಿ ಗುರು ಗಮಲಿಯೇಲನ ಬಳಿ ಕಲಿತದ್ದರಿಂದ ಧರ್ಮಶಾಸ್ತ್ರ. ಗುಡಾರ ಮಾಡುವ ಕಸುಬು ಕೊರಿಂಥದಲ್ಲಿ ಹೊಟ್ಟೆ ಹೊರೆಯಿತು (ಅಪೊಸ್ತಲರ ಕೃತ್ಯಗಳು, ಅಂದರೆ ಅ.ಕೃ. 18:3). ರೋಮ್ ಪೌರತ್ವ ಯೆರೂಸಲೇಮಿನ ಕೋಟೆಯಲ್ಲಿ ಚಾಟಿ ಏಟಿನಿಂದ ಉಳಿಸಿತು (ಅ.ಕೃ. 22:25). ಸಭೆಯನ್ನು ಹಿಂಸಿಸಿದ್ದನ್ನು ಆತ ಎಲ್ಲೂ ಮುಚ್ಚಿಡಲಿಲ್ಲ (1 ತಿಮೊ. 1:13–16). ಈ ಪಟ್ಟಿಯಲ್ಲಿ ಪಾಪ ಒಂದೇ ಒಂದು. ಉಳಿದದ್ದೆಲ್ಲ ಓದು, ಕಸುಬು, ಕಾಗದಪತ್ರ. ‘ಹಳೆಯ ಬದುಕು’ ಎಂದ ಕೂಡಲೇ ನಾವು ಪಾಪವನ್ನಷ್ಟೇ ಎಣಿಸುತ್ತೇವೆ. ಅಲ್ಲೇ ಅರ್ಧ ತಪ್ಪುತ್ತೇವೆ.

ನನ್ನ ಹಿಂದಿನ ದಿನಗಳಲ್ಲಿ ಸೇವೆಗೆ ಬರುವಂಥದ್ದು ಯಾವುದೆಂದು ತಿಳಿಯುವುದು ಹೇಗೆ?

ನೋಟ್‌ಬುಕ್ಕಿನ ಎರಡು ಎದುರುಬದುರು ಪುಟಗಳಲ್ಲಿ ನಾಲ್ಕು ಅಂಕಣ ಹಾಕಿ. ಮೊದಲನೆಯದರಲ್ಲಿ ವಯಸ್ಸು, ಐದೈದು ವರ್ಷದ ತುಂಡುಗಳಾಗಿ. ಎರಡನೆಯದರಲ್ಲಿ ಆಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ. ಮೂರನೆಯದರಲ್ಲಿ ಅಲ್ಲಿ ಏನು ಕಲಿತಿರಿ, ಏನು ಕಳೆದುಕೊಂಡಿರಿ. ನಾಲ್ಕನೆಯದರಲ್ಲಿ, ಇವತ್ತು ಅದೇ ಸ್ಥಿತಿಯಲ್ಲಿರುವ ಯಾರನ್ನು ಬಲ್ಲಿರಿ ಎಂದು ಬರೆಯಿರಿ. ಅವಸರ ಬೇಡ, ಎರಡು ಸಂಜೆ ತೆಗೆದುಕೊಳ್ಳಿ.

ನಾಲ್ಕನೆಯ ಅಂಕಣದಲ್ಲಿ ‘ಯುವಜನರು’, ‘ಬಡವರು’ ಎಂದು ಬರೆದರೆ ಲೆಕ್ಕಕ್ಕಿಲ್ಲ. ಹೆಸರು ಬೇಕು. ತಂದೆಯನ್ನು ವರ್ಷಗಟ್ಟಲೆ ಡಯಾಲಿಸಿಸ್‌ಗೆ ಕರೆದೊಯ್ದವರಿಗೆ ಯಾವ ಕೌಂಟರಿನಲ್ಲಿ ಯಾವ ಚೀಟಿ, ನೀರನ್ನು ಎಷ್ಟು ಅಳೆದು ಕೊಡಬೇಕು, ಮನೆಗೆ ಬಂದ ರಾತ್ರಿ ರೋಗಿ ಯಾಕೆ ಸಿಡುಕುತ್ತಾರೆ ಎಂಬುದೆಲ್ಲ ಗೊತ್ತು. ಸಭೆಯಲ್ಲಿ ಹೋದ ವಾರ ಡಯಾಲಿಸಿಸ್ ಶುರುವಾದ ಮನೆಯೊಂದಿದ್ದರೆ ಅವರ ಸೇವೆ ಅಲ್ಲಿದೆ. ಅದಕ್ಕೆ ವೇದಿಕೆಯೂ ಬೇಡ, ಮೈಕೂ ಬೇಡ. 2 ಕೊರಿಂಥ 1:4ರಲ್ಲಿ ಪೌಲ ಹೇಳುವುದು ಇದನ್ನೇ: ನಮಗೆ ಸಿಕ್ಕ ಸಂತೈಕೆಯಿಂದಲೇ ಸಂಕಟದಲ್ಲಿರುವ ಬೇರೆಯವರನ್ನು ಸಂತೈಸಲು ಶಕ್ತರಾಗುತ್ತೇವೆ.

ನಾನು ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವಳು. ಹೇಳಿಕೊಳ್ಳುವಂಥ ಮಾರ್ಪಾಟಿನ ಕಥೆ ನನಗಿಲ್ಲ.

ತಿಮೊಥೆಯನಿಗೂ ಇರಲಿಲ್ಲ. ಅಜ್ಜಿ ಲೋವಿ, ತಾಯಿ ಯೂನಿಕೆ ಇವರಿಂದ ಬಂದ ನಂಬಿಕೆ ಅವನದು (2 ತಿಮೊ. 1:5). ಕಥೆ ಇಲ್ಲವೆಂದು ಒಂದನ್ನು ಕಟ್ಟಬೇಡಿ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ವಚನಗಳು, ಸಂಡೇ ಸ್ಕೂಲಿನ ಶಿಸ್ತು ನಿಮ್ಮ ಆಸ್ತಿ. ಹೊಸಬರಿಗೆ ಅವು ಇಲ್ಲ, ನೀವು ಕಲಿಸಬಹುದು.

ನಾನು ಮಾಡಿದ ಪಾಪವಲ್ಲ, ನನ್ನ ಮೇಲೆ ಬಂದ ಕಷ್ಟ. ಅದೂ ಬಳಕೆಯಾಗುತ್ತದೆಯೇ?

ಆಗುತ್ತದೆ, ಮತ್ತು ಇದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಉದಾಹರಣೆ ಇದೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕೂಡದೆನ್ನುವ ಕಾಲದಲ್ಲಿ ಅವರು ಹೆಂಡತಿಗೆ ಕಲಿಸಿದರು, ಆ ತಾಯಿ ಮಗಳಿಗೆ ಕಲಿಸಿದರು. ಪುರಾಣ ಹೇಳುತ್ತಾ ಊರೂರು ಅಲೆದ ಕುಟುಂಬ ಅದು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. 1880ರಲ್ಲಿ ಮದುವೆ, 1882ರಲ್ಲಿ ಗಂಡನ ಸಾವು, ಕೈಯಲ್ಲಿ ಎಳೆಯ ಹೆಣ್ಣುಮಗು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು.

ಆಮೇಲೆ ಆ ಒಂದೊಂದೂ ಹೇಗೆ ಕೆಲಸಕ್ಕೆ ಬಂತು ನೋಡಿ. ವಿಧವೆಯ ಬಾಳು ಬಲ್ಲವರಾದ್ದರಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಹಸಿವೆಯನ್ನು ಬಲ್ಲವರಾದ್ದರಿಂದ 1896–97ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಮಿಷನ್ ಅವರ ಮನೆಯಾಯಿತು. ಚಿಕ್ಕಂದಿನಿಂದ ಭಾಷೆಯಲ್ಲಿ ಪಳಗಿದ ಬುದ್ಧಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದಿತು. ಗುಲ್ಬರ್ಗಾದಲ್ಲೂ ಅವರು ಹೈಸ್ಕೂಲ್ ಆರಂಭಿಸಿದರು. ಬರ ಒಳ್ಳೆಯದಾಗಿತ್ತು ಎಂದು ಇದರ ಅರ್ಥವಲ್ಲ. ಅಣ್ಣಂದಿರಿಗೆ ಯೋಸೇಫ ಹೇಳಿದ ಮಾತಿನಲ್ಲೂ ಎರಡು ಭಾಗವಿದೆ: ನೀವು ಕೇಡನ್ನೇ ಬಗೆದಿರಿ, ದೇವರು ಮೇಲನ್ನು ಸಂಕಲ್ಪಿಸಿದ (ಆದಿ. 50:20). ಮೊದಲ ಭಾಗವನ್ನು ಯೋಸೇಫ ನುಂಗಿಕೊಳ್ಳಲಿಲ್ಲ.

ಹಾಗಾಗಿ ಹೊಡೆತ, ಅತ್ಯಾಚಾರ, ವರದಕ್ಷಿಣೆ ಹಿಂಸೆ ಅನುಭವಿಸಿದವರನ್ನು ‘ಎದ್ದು ನಿಂತು ಕ್ಷಮಿಸಿದೆ ಎಂದು ಹೇಳಿ’ ಎಂದು ಕೂಟದಲ್ಲಿ ಒತ್ತಾಯಿಸುವುದು ತಪ್ಪು. ಅವರು ಹೇಳದಿದ್ದರೂ ಸೇವೆ ಮಾಡಬಹುದು. ಹೇಳುವಾಗ ಕೈ ನಡುಗುತ್ತಿದ್ದರೆ, ಅಂದು ರಾತ್ರಿ ನಿದ್ದೆ ಹೋಗದಿದ್ದರೆ ಗಾಯ ಇನ್ನೂ ಹಸಿಯಾಗಿದೆ ಎಂದು ತಿಳಿಯಿರಿ. ಮೊದಲು ಆಪ್ತಸಮಾಲೋಚನೆ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ನಂಬಿಕೆಗೆ ಬಂದು ಎಷ್ಟು ದಿನಕ್ಕೆ ಸೇವೆಗೆ ಇಳಿಯಬಹುದು?

ಸೇವೆಗೆ ಇವತ್ತೇ. ನಾಯಕತ್ವಕ್ಕೆ ತಡವಾಗಿ. ಇವೆರಡನ್ನು ಕಲಸಿದಾಗಲೇ ಸಭೆಗಳು ಒಡೆಯುತ್ತವೆ.

ದೆವ್ವ ಬಿಟ್ಟ ಮನುಷ್ಯ ದೋಣಿ ಹತ್ತಲು ಬಂದಾಗ ಯೇಸು ಅವನನ್ನು ಜೊತೆಗೆ ಸೇರಿಸಿಕೊಳ್ಳದೆ ಮನೆಯವರ ಬಳಿಗೆ ಕಳಿಸಿದ (ಮಾರ್ಕ 5:19). ಅದು ಅದೇ ದಿನದ ಸೇವೆ, ಪರಿಚಯದ ಜನರ ನಡುವೆ. ಆದರೆ ಹಿರಿಯನಾಗುವವನು ಹೊಸದಾಗಿ ಸಭೆಗೆ ಸೇರಿದವನಾಗಿರಬಾರದು (1 ತಿಮೊ. 3:6), ಹೊರಗಿನವರಿಂದ ಒಳ್ಳೆಯ ಹೆಸರು ಪಡೆದಿರಬೇಕು (3:7), ಸಭಾಸೇವಕರು ಮೊದಲು ಪರೀಕ್ಷೆಗೆ ಒಳಗಾಗಬೇಕು (3:10). ಪೌಲ ದಮಸ್ಕದಲ್ಲಿ ಕೂಡಲೇ ಮಾತಾಡಿದ, ನಿಜ. ಆದರೆ ಯೆರೂಸಲೇಮಿಗೆ ಹೋದದ್ದು ಮೂರು ವರ್ಷದ ಮೇಲೆ (ಗಲಾ. 1:18). ಆಮೇಲೆ ತಾರ್ಸಕ್ಕೆ ಹೋದವನನ್ನು ಬಾರ್ನಬ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದ. ಅಲ್ಲಿ ಇಡೀ ವರ್ಷ ಇಬ್ಬರೂ ಸೇರಿ ಕಲಿಸಿದರು.

‘ಅಮೇಜಿಂಗ್ ಗ್ರೇಸ್’ ಹಾಡು ಬರೆದ ಇಂಗ್ಲೆಂಡಿನ ಜಾನ್ ನ್ಯೂಟನ್‌ನ ಕಥೆಯನ್ನು ಸಭೆಗಳಲ್ಲಿ ಬಹಳ ಅವಸರದಲ್ಲಿ ಹೇಳುತ್ತಾರೆ: ಗುಲಾಮರ ಹಡಗು, ಬಿರುಗಾಳಿ, ಪ್ರಾರ್ಥನೆ, ಹಾಡು. ನಿಜವಾದ ವರ್ಷಗಳು ಹೀಗಿವೆ. ಬಿರುಗಾಳಿ 1748ರಲ್ಲಿ. ಅದಾದ ಮೇಲೂ ಆತ ಗುಲಾಮರ ಹಡಗಿನ ಕಪ್ತಾನನಾಗಿದ್ದ. ಕಡಲು ಬಿಟ್ಟದ್ದು 1754ರಲ್ಲಿ, ಅದೂ ಕಾಯಿಲೆ ಬಿದ್ದು. 1764ರಲ್ಲಿ ಓಲ್ನಿಯಲ್ಲಿ ಪಾದ್ರಿಯಾದ. ತಾನು ಮಾಡಿದ ವ್ಯಾಪಾರದ ಕ್ರೌರ್ಯವನ್ನು ತಪ್ಪೊಪ್ಪಿಕೊಂಡು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ್ದು 1788ರಲ್ಲಿ, ಕಡಲು ಬಿಟ್ಟ 34 ವರ್ಷದ ಮೇಲೆ. ಹಡಗಿನ ಒಳಗನ್ನು ಕಣ್ಣಾರೆ ಕಂಡವನ ಮಾತು ಅದು. ಗುಲಾಮ ವ್ಯಾಪಾರದ ವಿರುದ್ಧ ಹೋರಾಡುವವರಿಗೆ ಅಂಥ ಸಾಕ್ಷಿಯೇ ಬೇಕಿತ್ತು. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ಆತ ತೀರಿಕೊಂಡ. ತಾನು ಮಾಡಿದ್ದು ಪಾಪವೆಂದು ಪೂರ್ತಿ ಅರಿವಾಗಲಿಕ್ಕೇ ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಗಮನಿಸಿ.

ಸಾಕ್ಷಿ ಹೇಳಲು ಕರೆದಿದ್ದಾರೆ. ಹೇಗೆ ಸಿದ್ಧವಾಗಬೇಕು?

ಬರೆದುಕೊಳ್ಳಿ. ‘ಆತ್ಮನು ನಡೆಸಿದಂತೆ ಮಾತಾಡುತ್ತೇನೆ’ ಎಂದು ಎದ್ದವರು ಸಾಮಾನ್ಯವಾಗಿ ಇಪ್ಪತ್ತೈದು ನಿಮಿಷ ಹಳೆಯ ಬದುಕನ್ನೇ ಹೇಳಿ, ಕೊನೆಗೆ ಅವಸರದಲ್ಲಿ ಯೇಸುವಿನ ಹೆಸರೆತ್ತಿ ಕೂರುತ್ತಾರೆ. ರಾಜ ಅಗ್ರಿಪ್ಪನ ಮುಂದೆ ಪೌಲ ಹೇಳಿದ್ದರ ಅಳತೆ ನೋಡಿ (ಅ.ಕೃ. 26): ಹಳೆಯದು 4ರಿಂದ 11ನೇ ವಚನ, ಕರ್ತನ ದರ್ಶನ 12ರಿಂದ 18, ಆಮೇಲಿನ ಬದುಕು 19ರಿಂದ 23. ಮೂರೂ ಹೆಚ್ಚುಕಡಿಮೆ ಸಮ.

ನಿಮಗೆ ಏಳು ನಿಮಿಷ ಕೊಟ್ಟಿದ್ದರೆ ಎರಡು ನಿಮಿಷ ಮೊದಲಿನದು, ಎರಡು ನಿಮಿಷ ತಿರುವು, ಮೂರು ನಿಮಿಷ ಈಗಿನದು. ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಕಣ್ಣಲ್ಲಿ ಓದಿದ ಸಮಯವನ್ನು ನಂಬಬೇಡಿ. ಜನರ ಮುಂದೆ ಒಂದೂವರೆ ಪಟ್ಟು ಆಗುತ್ತದೆ.

ಬರೆಯುವಾಗ ಹೆಚ್ಚು ಕೆಡುವುದು ಉಬ್ಬಿಸಿದ ಮಾತಿನಿಂದ. ‘ದಿನಕ್ಕೆ ಮೂರು ಬಾಟಲಿ ಕುಡಿಯುತ್ತಿದ್ದೆ, ಊರಿಗೆ ಊರೇ ನನಗೆ ಹೆದರುತ್ತಿತ್ತು’ ಎಂದರೆ ಹಿಂದಿನ ಸಾಲಿನ ಹುಡುಗರಿಗೆ ನೀವು ನಾಯಕರಾಗಿ ಕಾಣುತ್ತೀರಿ. ಅದೇ ‘ಶನಿವಾರ ಕೂಲಿ ಕೈಗೆ ಬರುತ್ತಿತ್ತು, ಭಾನುವಾರ ಬೆಳಿಗ್ಗೆ ಹಾಲು ತರಲು ಮಗಳು ಪಕ್ಕದ ಮನೆಯಲ್ಲಿ ಹತ್ತು ರೂಪಾಯಿ ಕೇಳುತ್ತಿದ್ದಳು’ ಎಂದರೆ ಪಾಪದ ಬೆಲೆ ತೆತ್ತವರು ಯಾರು ಎಂದು ಕೇಳುವವರಿಗೆ ತಿಳಿಯುತ್ತದೆ. ಎರಡನೆಯದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. ಅದಕ್ಕೇ ಅದನ್ನು ಬರೆಯಿರಿ.

ವರ್ಷ, ಊರು, ವಯಸ್ಸು ತಾಳೆಯಾಗುತ್ತವೆಯೇ ನೋಡಿ. ಕಾಯಿಲೆ ವಾಸಿಯಾದದ್ದನ್ನು ಹೇಳುವಾಗ ಔಷಧಿ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಬಿಟ್ಟು ಹೇಳಿದರೆ ಯಾರೋ ತಮ್ಮ ಮಾತ್ರೆ ನಿಲ್ಲಿಸುತ್ತಾರೆ. ಪಾಪದ ವಿಧಾನಗಳನ್ನು ಬಿಡಿಸಿ ಹೇಳಬೇಡಿ: ಎಲ್ಲಿ ಸಿಗುತ್ತದೆ, ಹೇಗೆ ಮುಚ್ಚಿಡುತ್ತಿದ್ದೆ ಎನ್ನುವುದೆಲ್ಲ ಬೇಡ. ಬೇರೆಯವರ ಹೆಸರಂತೂ ಬೇಡವೇ ಬೇಡ.

ಮೊದಲಿದ್ದ ಧರ್ಮದ ಬಗ್ಗೆ ಏನು ಹೇಳಬೇಕು?

ಹೀಗಳೆಯಬೇಡಿ. ಅಥೇನೆಯಲ್ಲಿ ಪೌಲ ಅವರದೇ ಕವಿಗಳ ಮಾತೆತ್ತಿ ಸಂಭಾಷಣೆ ಬೆಳೆಸಿದ (ಅ.ಕೃ. 17:28). ನಿಮ್ಮ ಅಮ್ಮ ಇನ್ನೂ ಅದೇ ದೇವರ ಮನೆಯಲ್ಲಿ ದೀಪ ಹಚ್ಚುತ್ತಿರಬಹುದು. ಅವರು ಎದುರಿಗೆ ಕೂತಿದ್ದರೆ ಹೇಗೆ ಮಾತಾಡುತ್ತಿದ್ದಿರೋ ಹಾಗೆ ಮಾತಾಡಿ.

ನನ್ನ ಹಳೆಯ ವಿಷಯ ಹೇಳಿದರೆ ಹೆಂಡತಿ ಮಕ್ಕಳಿಗೆ ಮುಜುಗರ. ಆದರೂ ಹೇಳಬೇಕೇ?

ಅವರ ಒಪ್ಪಿಗೆ ಇಲ್ಲದೆ ಹೇಳಬೇಡಿ. ಬರೆದದ್ದನ್ನು ಮೊದಲು ಹೆಂಡತಿಗೆ ಓದಿ ಹೇಳಿ. ಆಕೆ ತೆಗೆಯಿರಿ ಎಂದ ಸಾಲನ್ನು ವಾದ ಮಾಡದೆ ತೆಗೆಯಿರಿ. ಆ ದಿನಗಳನ್ನು ನಿಮ್ಮಷ್ಟೇ, ಕೆಲವೊಮ್ಮೆ ನಿಮಗಿಂತ ಹೆಚ್ಚಾಗಿ, ಅನುಭವಿಸಿದವರು ಅವರು. ವೀಡಿಯೋ ವಿಷಯದಲ್ಲಿ ಇನ್ನೂ ಬಿಗಿ ಇರಲಿ. ಪ್ರಾರ್ಥನಾಕೂಟದಲ್ಲಿ ಮೂವತ್ತು ಜನಕ್ಕೆ ಹೇಳಿದ್ದು ಯೂಟ್ಯೂಬಿಗೆ ಹೋದರೆ ಮಗನ ಶಾಲೆಯ ವಾಟ್ಸಾಪ್ ಗುಂಪಿಗೂ ಹೋಗುತ್ತದೆ, ಮಗಳ ಮದುವೆ ಮಾತುಕತೆಗೂ ಬರುತ್ತದೆ. ‘ರೆಕಾರ್ಡ್ ಬೇಡ’ ಎಂದು ಮೊದಲೇ ಹೇಳುವ ಹಕ್ಕು ನಿಮಗಿದೆ, ಮೈಕ್ ಹಿಡಿಯುವ ಮುನ್ನ ಅದನ್ನು ಬಳಸಿ.

ಹಳೆಯ ಸಾಲ, ಮೋಸದ ದುಡ್ಡು ಹಾಗೇ ಇದೆ. ಅದನ್ನು ತೀರಿಸದೆ ಸೇವೆ ಮಾಡಬಹುದೇ?

ತೀರಿಸಲು ಶುರು ಮಾಡದೆ ಸಾಕ್ಷಿ ಹೇಳಬೇಡಿ. ದುಡ್ಡು ಕಳೆದುಕೊಂಡವರು ಅದೇ ಊರಿನಲ್ಲಿದ್ದಾರೆ. ನಿಮ್ಮ ಹಾಡು ಅವರಿಗೂ ಕೇಳಿಸುತ್ತದೆ. ಸುಂಕದವನಾದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಬೈಬಲಿನ ಅರಣ್ಯಕಾಂಡ 5:7ರ ಲೆಕ್ಕ ಅಸಲು ಮತ್ತು ಐದನೇ ಒಂದು ಭಾಗ: 10,000 ರೂಪಾಯಿ ತಿಂದಿದ್ದರೆ 12,000. ಇಷ್ಟೇ ಕೊಡಬೇಕೆಂಬ ಕಟ್ಟಳೆ ಇಂದು ನಮ್ಮ ಮೇಲಿಲ್ಲ, ಆದರೆ ಕ್ಷಮೆ ಬೇಡುವವನ ಕೈ ಬರಿದಾಗಿರಬಾರದು ಎಂಬುದು ಅದರಲ್ಲಿ ಸ್ಪಷ್ಟ.

ಹೆಸರು, ಮೊತ್ತ, ವರ್ಷ ಬರೆದ ಪಟ್ಟಿ ಮಾಡಿ. ಜೋರು ಮಾಡುವವನಿಗೆ ಮೊದಲು ಕೊಡುವುದು ರೂಢಿ. ನೀವು ಬಡವನಿಂದ ಶುರು ಮಾಡಿ. ಚೀಟಿ ವ್ಯವಹಾರದಲ್ಲಿ ಮುಳುಗಿದ ಮನೆಗೆಲಸದಾಕೆಯ 4,000 ಮೊದಲು, ಅಂಗಡಿ ಮಾಲೀಕನ 40,000 ಆಮೇಲೆ. ತಿಂಗಳಿಗೆ ತಪ್ಪದೆ ಕೊಡಬಲ್ಲಷ್ಟನ್ನೇ ಒಪ್ಪಿಕೊಳ್ಳಿ. 5,000 ಎಂದು ಹೇಳಿ ಎರಡನೇ ತಿಂಗಳು ತಪ್ಪಿಸಿದರೆ ಮೊದಲಿಗಿಂತ ಕೆಟ್ಟ ಹೆಸರು. 800 ಎಂದು ಹೇಳಿ ಹನ್ನೆರಡು ತಿಂಗಳು ಕೊಟ್ಟರೆ ಜನ ನಂಬುತ್ತಾರೆ. ಹೋಗುವಾಗ ಸಭೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಫಿಲೆಮೋನನ ದಾಸ ಒನೇಸಿಮನ ಸಾಲವನ್ನು ಪೌಲ ತನ್ನ ಲೆಕ್ಕಕ್ಕೆ ಹಾಕೆಂದು ಸ್ವಂತ ಕೈಯಿಂದ ಬರೆದುಕೊಟ್ಟ (ಫಿಲೆ. 18–19), ಹೀಗೆ ಹೊಣೆ ಹೊರುವವರು ಸಭೆಯಲ್ಲಿದ್ದರೆ ಅದೂ ಸೇವೆಯೇ.

ಎರಡು ಕಡೆ ಮಾತ್ರ ನೇರವಾಗಿ ಹೋಗಬೇಡಿ. ನೀವು ಹಿಂಸಿಸಿದ ವ್ಯಕ್ತಿಗೆ ನಿಮ್ಮ ಮುಖ ನೋಡುವುದೇ ಹಿಂಸೆಯಾದರೆ, ಕ್ಷಮೆ ಕೇಳುವ ನೆಪದಲ್ಲೂ ಬಾಗಿಲು ಬಡಿಯಬಾರದು. ಪೊಲೀಸ್ ಕೇಸಾಗಬಹುದಾದ ವಿಷಯವಾದರೆ ಮೊದಲು ವಕೀಲರನ್ನು ಕಾಣಿ. ಕೂಟದಲ್ಲಿ ಜನರ ಮುಂದೆ ಒಪ್ಪಿಕೊಂಡದ್ದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರಲು ಸಾಧ್ಯವಿದೆ. ಸತ್ಯ ಮುಚ್ಚಿಡಲು ಹೇಳುತ್ತಿಲ್ಲ. ಹೇಳಬೇಕಾದ ಜಾಗ ಯಾವುದೆಂದು ತಿಳಿದುಕೊಳ್ಳಿ.

ಕುಡಿತ ಬಿಟ್ಟೆ. ಕುಡುಕರ ನಡುವೆ ಸೇವೆ ಮಾಡಬೇಕೆಂಬ ಭಾರ ಇದೆ.

ಒಳ್ಳೆಯ ಭಾರ. ಆದರೆ ಹಳೆಯ ಗೆಳೆಯರನ್ನು ಉಳಿಸಲು ಒಬ್ಬರೇ ಬಾರ್ ಬಾಗಿಲಿಗೆ ಹೋಗುವುದು ಬಿದ್ದುಹೋಗುವ ಹಾದಿ. ಬಿಟ್ಟು ವರ್ಷ ತುಂಬುವ ತನಕ ಜೊತೆಗಾರನಿಲ್ಲದೆ ಹೋಗಬೇಡಿ, ಸಂಬಳದ ದಿನ ಮತ್ತು ಹಬ್ಬದ ಹಿಂದಿನ ರಾತ್ರಿ ಹೋಗಲೇಬೇಡಿ. ಪವಿತ್ರ ಭೋಜನದಲ್ಲಿ ದ್ರಾಕ್ಷಾರಸ ಹುಳಿಬಂದದ್ದೋ ಅಲ್ಲವೋ ಎಂದು ಸಭಾಪಾಲಕರನ್ನು ಮೊದಲೇ ಕೇಳಿ. ದ್ರಾಕ್ಷಿಯ ತಾಜಾ ರಸ ಇಡಿಸಿಕೊಳ್ಳಲು ಸಂಕೋಚ ಬೇಡ.

ನೀವು ಸಹಾಯ ಮಾಡುವವರ ವಿಷಯದಲ್ಲಿ ಇದನ್ನು ಮರೆಯಬೇಡಿ: ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಮೊದಲ ದಿನ ಕೈ ನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಯಾರೋ ಕರೆದಂತೆ ಕೇಳಿಸುವುದು, ದಿಕ್ಕು ತಪ್ಪುವುದು. ಇದನ್ನು ದೆವ್ವದ ಕಾಟವೆಂದು ಕೋಣೆಯಲ್ಲಿ ಕೂಡಿಹಾಕಿ ಉಪವಾಸ ಪ್ರಾರ್ಥನೆ ಮಾಡಿದರೆ ಮನುಷ್ಯ ಸಾಯಬಹುದು. ಪ್ರಾರ್ಥಿಸಿ, ಕೂಡಲೇ ಆಸ್ಪತ್ರೆಗೂ ಸೇರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಕ್ಷಮೆ ಸಿಕ್ಕಿದ ಮೇಲೆ ಯಾವ ಸೇವೆಯೂ ನನಗೆ ತೆರೆದಿರಬೇಕಲ್ಲವೇ?

ಇಲ್ಲ. ದಾವೀದನಿಗೆ ಕ್ಷಮೆ ಸಿಕ್ಕಿತು, ರಾಜ್ಯವೂ ಉಳಿಯಿತು, ಆದರೆ ಬಹಳ ರಕ್ತ ಸುರಿಸಿದವನೆಂದು ಆಲಯ ಕಟ್ಟುವ ಕೆಲಸ ಆತನಿಗೆ ಸಿಗಲಿಲ್ಲ (1 ಪೂರ್ವ. 22:8). ಆತ ಮುನಿಸಿಕೊಂಡು ಕೂರಲಿಲ್ಲ. ಕಲ್ಲು, ಕಬ್ಬಿಣ, ದೇವದಾರು ಕೂಡಿಸಿ ಸೊಲೊಮೋನನ ಕೈಗೆ ಕೊಟ್ಟ.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಿಗೆ ಸಂಡೇ ಸ್ಕೂಲ್, ಯುವಜನ ಶಿಬಿರ, ಹಾಸ್ಟೆಲ್ ಸೇವೆ ಜೀವಮಾನ ಪೂರ್ತಿ ಮುಚ್ಚಿದ್ದು. ಎಷ್ಟು ವರ್ಷ ಕಳೆದರೂ, ಎಷ್ಟು ಕಣ್ಣೀರು ಹಾಕಿದರೂ ಅಷ್ಟೇ. ಅಂಥ ಕೃತ್ಯದ ಸುಳಿವು ಸಿಕ್ಕರೆ ‘ಸಭೆಯೊಳಗೇ ತೀರಿಸಿಕೊಳ್ಳೋಣ’ ಎನ್ನುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ: 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಮಕ್ಕಳ ಸಹಾಯವಾಣಿ 1098.

ಹಣದಲ್ಲಿ ಎಡವಿದವರನ್ನು ಕಾಣಿಕೆ ಎಣಿಸಲು ಕೂರಿಸಬೇಡಿ. ಅದು ಅವರ ಮೇಲಿನ ಅನುಮಾನವಲ್ಲ, ಅವರಿಗೆ ಕೊಡುವ ರಕ್ಷಣೆ. ಹೇಗೂ ಎಣಿಸುವವರು ಇಬ್ಬರಿರಬೇಕು, ಒಂದೇ ಮನೆಯವರಾಗಿರಬಾರದು, ಅಲ್ಲೇ ಪುಸ್ತಕಕ್ಕೆ ಬರೆದು ಇಬ್ಬರೂ ಸಹಿ ಹಾಕಬೇಕು.

ಸಭೆಯವರು ಇನ್ನೂ ನನ್ನನ್ನು ಅನುಮಾನದಿಂದಲೇ ನೋಡುತ್ತಾರೆ.

ಯೆರೂಸಲೇಮಿನ ಶಿಷ್ಯರೂ ಸೌಲನಿಗೆ, ಅಂದರೆ ಪೌಲನಿಗೆ, ಹೆದರಿದರು (ಅ.ಕೃ. 9:26). ಅವರ ಭಯಕ್ಕೆ ಕಾರಣವಿತ್ತು. ಬಾರ್ನಬ ಕೈಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದ ಮೇಲೆ ಬಾಗಿಲು ತೆರೆಯಿತು. ನಿಮಗೂ ಒಬ್ಬ ಬಾರ್ನಬ ಬೇಕು: ನಿಮ್ಮ ಪೂರ್ತಿ ವಿಷಯ ಬಲ್ಲ, ವಾರಕ್ಕೊಮ್ಮೆ ಕೂತು ಮಾತಾಡುವ, ತಪ್ಪಿದಾಗ ಗದರಿಸುವ ಒಬ್ಬರು. ಹಿರಿಯರಿಗೆ ನಮ್ಮ ಮಾತು: ಅಂಥವರನ್ನು ನೀವೇ ಗೊತ್ತುಮಾಡಿಕೊಡಿ, ಹೊಸಬರು ತಾವೇ ಹುಡುಕಿಕೊಳ್ಳಲಿ ಎಂದು ಬಿಡಬೇಡಿ. ಜೊತೆಗೆ ಕೆಲಸವನ್ನೂ ಕೊಡಿ. ಚಾಪೆ ಹಾಸುವುದು, ಸೌಂಡ್ ಸಿಸ್ಟಮ್ ಜೋಡಿಸುವುದು, ವಯಸ್ಸಾದವರನ್ನು ಆಟೋದಲ್ಲಿ ಕರೆತರುವುದು. ಆರು ತಿಂಗಳು ಸಮಯಕ್ಕೆ ಸರಿಯಾಗಿ ಬಂದವರ ಬಗ್ಗೆ ಯಾರೂ ಹೆಚ್ಚು ಪ್ರಶ್ನೆ ಎತ್ತುವುದಿಲ್ಲ.

ಮತ್ತೆ ಬಿದ್ದೆ. ಈಗ ಎಲ್ಲ ಮುಗಿಯಿತೇ?

ಇಪ್ಪತ್ತನಾಲ್ಕು ಗಂಟೆಯೊಳಗೆ ನಿಮ್ಮ ಬಾರ್ನಬನಿಗೆ ಹೇಳಿ. ಬಿದ್ದದ್ದಕ್ಕಿಂತ ಮುಚ್ಚಿಟ್ಟದ್ದು ಹೆಚ್ಚು ಜನರನ್ನು ಮುಳುಗಿಸಿದೆ. ಮುಂದೆ ನಿಂತು ಮಾಡುವ ಸೇವೆಯಿಂದ ಸದ್ಯಕ್ಕೆ ಸರಿಯಿರಿ, ಆರಾಧನೆಗೆ ಬರುವುದನ್ನು ಬಿಡಬೇಡಿ. ಮಾರ್ಕನು ಪಂಫುಲ್ಯದಲ್ಲಿ ಪೌಲ, ಬಾರ್ನಬರನ್ನು ಕೈಬಿಟ್ಟು ಹೋದ, ಮುಂದಿನ ಪ್ರಯಾಣಕ್ಕೆ ಅವನನ್ನು ಸೇರಿಸಿಕೊಳ್ಳಲು ಪೌಲ ಒಪ್ಪಲಿಲ್ಲ, ಬಾರ್ನಬ ಜೊತೆಗೆ ಕರೆದೊಯ್ದ (ಅ.ಕೃ. 15:37–39). ವರ್ಷಗಳ ಮೇಲೆ ಸೆರೆಯಿಂದ ಅದೇ ಪೌಲ ಮಾರ್ಕನನ್ನು ಕರೆತರಲು ಬರೆದ, ಸೇವೆಗೆ ಅವನು ಉಪಯುಕ್ತನೆಂದು (2 ತಿಮೊ. 4:11).

ಜೈಲಿನಲ್ಲಿದ್ದು ಬಂದಿದ್ದೇನೆ. ಜೈಲು ಸೇವೆಗೆ ಹೋಗಬಹುದೇ?

ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರರಾಗಿದ್ದ ಚಾರ್ಲ್ಸ್ ಕೋಲ್ಸನ್ ವಾಟರ್‌ಗೇಟ್ ರಾಜಕೀಯ ಹಗರಣದ ಸಂಬಂಧದ ಪ್ರಕರಣದಲ್ಲಿ 1974ರಲ್ಲಿ ತಪ್ಪೊಪ್ಪಿಕೊಂಡು ಏಳು ತಿಂಗಳು ಸೆರೆಯಲ್ಲಿದ್ದು, 1976ರಲ್ಲಿ ಪ್ರಿಸನ್ ಫೆಲೋಶಿಪ್ ಎಂಬ ಜೈಲು ಸೇವೆಯ ಸಂಸ್ಥೆ ಕಟ್ಟಿದರು. ಹಾಗಾಗಿ ದಾರಿ ಇದೆ. ಆದರೆ ಒಳಗೆ ಹೋಗಲು ಜೈಲು ಅಧೀಕ್ಷಕರ ಅನುಮತಿ ಬೇಕು. ಒಬ್ಬರೇ ಅರ್ಜಿ ಹಾಕುವ ಬದಲು ಈಗಾಗಲೇ ಹೋಗುತ್ತಿರುವ ಸಂಸ್ಥೆಯ ಜೊತೆ ಸೇರಿ, ನಿಮ್ಮ ಹಳೆಯ ಪ್ರಕರಣವನ್ನು ಅವರಿಗೆ ಮೊದಲೇ ತಿಳಿಸಿ. ಅನುಮತಿ ಸಿಗುವ ತನಕ ಗೇಟಿನ ಹೊರಗೆ ಕೆಲಸ ಬೇಕಾದಷ್ಟಿದೆ. ಭೇಟಿಯ ದಿನ ಬೆಳಗಿನ ಬಸ್ಸಿಗೆ ಬಂದ ತಾಯಂದಿರಿಗೆ ಯಾವ ಗುರುತಿನ ಚೀಟಿ ಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ಏನನ್ನು ಒಳಗೆ ಬಿಡುವುದಿಲ್ಲ ಎಂದು ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ಒಂದು ಬಾಟಲಿ ನೀರು, ಒಂದು ಪೆನ್ನು ಹಿಡಿದು ಅಲ್ಲಿ ನಿಲ್ಲಿ. ಅವರು ವಾಪಸು ಬರುವಾಗ ಅಳುತ್ತಿದ್ದರೆ ಬಸ್ ನಿಲ್ದಾಣದ ತನಕ ಜೊತೆಗೆ ನಡೆಯಿರಿ.